ಎರಡು ಆಫರ್ ಕೈಯಲ್ಲಿದ್ದಾಗ: ಪ್ರೈವೇಟ್ ಇಕ್ವಿಟಿಯಾ, ಕಂಪನಿ ಫೈನಾನ್ಸಾ?

ಹೋದ ತಿಂಗಳು ಪುಣೆಯಿಂದ ನಮ್ಮೂರ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಸಿಎ ಮುಗಿಸಿ ಮೂರು ವರ್ಷ. ಕೈಯಲ್ಲಿ ಎರಡು ಆಫರ್. ಒಂದು ಮುಂಬೈನ ಪ್ರೈವೇಟ್ ಇಕ್ವಿಟಿ ಫಂಡ್, ಇನ್ನೊಂದು ಪುಣೆಯ ಸಾಫ್ಟ್‌ವೇರ್ ಕಂಪನಿಯ ಫೈನಾನ್ಸ್ ಟೀಮ್. "ಅಣ್ಣಾ, ಯಾವುದಕ್ಕೆ ಹೋಗ್ಲಿ?" ಅಂದಳು. ಎರಡನ್ನೂ ಮಾಡಿ ನೋಡಿದವನು ನಾನು. ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ.

ಪ್ರೈವೇಟ್ ಇಕ್ವಿಟಿ ಅಂದ್ರೆ ಪೆನ್ಷನ್ ಫಂಡ್, ವಿಮಾ ಕಂಪನಿಗಳಂಥವರ ದುಡ್ಡು ತಂದು ಕಂಪನಿ ಕೊಳ್ಳುವುದು, ಕೆಲವು ವರ್ಷ ಬೆಳೆಸಿ ಮಾರುವುದು. ಹೆಕ್ಸಾವೇರ್ ನೋಡಿ. 2013ರಲ್ಲಿ ಬೇರಿಂಗ್ ಏಷ್ಯಾ ಅದರ ದೊಡ್ಡ ಪಾಲು ಕೊಂಡಿತು, 2020ರಲ್ಲಿ ಷೇರುಪೇಟೆಯಿಂದ ಹೊರತಂದಿತು, 2021ರಲ್ಲಿ ಕಾರ್ಲೈಲ್‌ಗೆ ಮಾರಿತು. 2025ರ ಫೆಬ್ರುವರಿಯಲ್ಲಿ ಅದು ಮತ್ತೆ ಷೇರುಪೇಟೆಗೆ ಬಂತು. ನಿಮ್ಮ ರೂಮ್‌ಮೇಟ್ ಅಲ್ಲೇ ಕೋಡ್ ಬರೀತಿರಬಹುದು.

ಕಂಪನಿ ಫೈನಾನ್ಸ್ ಒಳಗಿನ ಕೆಲಸ. ಬಜೆಟ್, ಎಷ್ಟು ಜನರನ್ನು ತಗೋಬಹುದು, ಡಾಲರ್ ಬಿದ್ದರೆ ಏನು, ಗ್ರಾಹಕರಿಂದ ದುಡ್ಡು ಯಾವಾಗ ಬರತ್ತೆ, ಇವೆಲ್ಲ. 1999ರಲ್ಲಿ ಇನ್ಫೋಸಿಸ್ ನಾಸ್ಡಾಕ್‌ಗೆ ಹೋದಾಗ ಅದರ ಫೈನಾನ್ಸ್ ಮುಖ್ಯಸ್ಥರಾಗಿದ್ದವರು ಮೋಹನ್‌ದಾಸ್ ಪೈ. ಅಂಥ ದಿನ ಅಪರೂಪ. ಉಳಿದ ದಿನವೆಲ್ಲ ಲೆಕ್ಕ ಕೂಡಿಸುವುದೇ.

ನಾನು ಮೊದಲು ಹೋಗಿದ್ದು ಫಂಡ್‌ಗೆ. ಸಂಬಳ ಚೆನ್ನಾಗಿತ್ತು, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಆಫೀಸು. ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪನಿಗೆ ಹೆಮ್ಮೆ. ಎರಡನೇ ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯ ಲೆಕ್ಕ ನನ್ನ ಪಾಲಿಗೆ ಬಂತು. ಬಿಲ್ಲಿನ ದುಡ್ಡು 60 ದಿನದಲ್ಲಿ ಬರತ್ತೆ ಅಂತ ಎಕ್ಸೆಲ್‌ನಲ್ಲಿ ಹಾಕಿದ್ದೆ. ಆ ಕಂಪನಿಯ ಫೈನಾನ್ಸ್ ಮ್ಯಾನೇಜರ್ ಮೆಲ್ಲಗೆ ಹೇಳಿದ್ರು: "ಸರ್, ಗ್ರಾಹಕರು ಕೆಲಸ ಒಪ್ಪಿ ಸಹಿ ಹಾಕೋಕೇ ಒಂದು ತಿಂಗಳು. 95 ಅಂತ ಹಿಡೀರಿ."

ತಲೆಯಾಡಿಸಿದೆ. ಬದಲಾಯಿಸಲಿಲ್ಲ. 95 ಹಾಕಿದ್ರೆ ನಮ್ಮ ಲಾಭದ ಲೆಕ್ಕ ಇಳಿದು ಡೀಲ್ ಕೂರ್ತಿರಲಿಲ್ಲ.

ಡೀಲ್ ಆಯ್ತು. ಎಂಟು ತಿಂಗಳಲ್ಲಿ ಆ ಕಂಪನಿ ಓವರ್‌ಡ್ರಾಫ್ಟ್ ತೆಗೆದು ಸಂಬಳ ಕೊಡೋ ಸ್ಥಿತಿಗೆ ಬಂತು. ಆ ವರ್ಷ ಅಲ್ಲಿಯವರಿಗೆ ಇನ್‌ಕ್ರಿಮೆಂಟ್ ಇಲ್ಲ. ನನಗೆ ಬೋನಸ್ ಬಂತು. ಅಪ್ಪ ಅಂಗಡಿಯಲ್ಲಿ ಹೇಳ್ತಿದ್ದದ್ದು ನೆನಪಾಯ್ತು: "ಉದ್ರಿ ಪುಸ್ತಕದಲ್ಲಿ ಬರೆದದ್ದು ದುಡ್ಡಲ್ಲ, ಗಲ್ಲಾಕ್ಕೆ ಬಿದ್ದದ್ದು ದುಡ್ಡು." ಚಿಕ್ಕಂದಿನಿಂದ ಕೇಳಿದ ಮಾತು, ನಾನೇ ಮರೆತಿದ್ದೆ.

ಮುಂದಿನ ವರ್ಷ ಕಡಿಮೆ ಸಂಬಳಕ್ಕೆ ಪುಣೆಯ ಕಂಪನಿಯೊಂದಕ್ಕೆ ಸೇರಿದೆ. ಅಲ್ಲಿ ನನ್ನ ನಂಬರ್ ತಪ್ಪಾದ್ರೆ ಮರುದಿನ ಪ್ರಾಜೆಕ್ಟ್ ಮ್ಯಾನೇಜರ್ ನನ್ನ ಟೇಬಲ್ ಮುಂದೆ ನಿಂತಿರ್ತಿದ್ದ.

ಹಾಗಂತ ಫಂಡ್ ಬೇಡ ಅಂತಲ್ಲ. ಯಾವ ಕಂಪನಿ ಬೇಡ ಅಂತ ಹೇಳೋಕೆ ಕಲಿತಿದ್ದು ನಾನು ಅಲ್ಲೇ. ಇನ್ನೊಂದು ಮಾತು: ಫಂಡ್‌ನಿಂದ ಕಂಪನಿಗೆ ಬರೋದು ಸುಲಭ. ಕಂಪನಿಯಲ್ಲಿ ಎಂಟು ಹತ್ತು ವರ್ಷ ಕಳೆದು ಫಂಡ್‌ಗೆ ಹೋಗೋದು ಕಷ್ಟ. ಎರಡೂ ಸಮ ಅನ್ಸಿದ್ರೆ ಮೊದಲು ಫಂಡ್ ನೋಡಿ.

ದುಡ್ಡಿನ ವಿಷಯದಲ್ಲಿ ಮಾತ್ರ ಹುಷಾರು. ಫಂಡ್‌ನಲ್ಲಿ ದೊಡ್ಡ ದುಡ್ಡು ಅಂದ್ರೆ ಕ್ಯಾರಿ, ಅಂದ್ರೆ ಲಾಭದಲ್ಲಿ ಪಾಲು. ಹಣ ಹಾಕಿದವರಿಗೆ ಅಸಲು ಮತ್ತು ಒಪ್ಪಿದ ಆದಾಯ ಸೇರಿದ ಮೇಲೇ ಅದು ಹುಟ್ಟೋದು. ಹೊಸಬರಿಗೆ ಸಿಗೋದೂ ಕಡಿಮೆ. ಕಂಪನಿಯ ಷೇರು ಆಪ್ಷನ್‌ಗಳೂ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರುತ್ತವೆ. ಮೊದಲ ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ. ಊರಲ್ಲಿ ಮನೆ ಸಾಲ ಇದ್ದರೆ ಎರಡನ್ನೂ ಉದ್ರಿ ಅಂತಲೇ ಬರೆದಿಡಿ. ಪ್ರತಿ ತಿಂಗಳು ಖಾತೆಗೆ ಬರೋದನ್ನಷ್ಟೇ ಹೋಲಿಸಿ.

ಕೊನೆಗೆ ಆ ಹುಡುಗಿಗೆ ಹೇಳಿದೆ: "ಎರಡೂ ಕಡೆ ಒಂದು ಪ್ರಶ್ನೆ ಕೇಳಮ್ಮ. ನಾನು ಕೊಟ್ಟ ನಂಬರ್ ತಪ್ಪಾದ್ರೆ ಅದರ ಪೆಟ್ಟು ಯಾರಿಗೆ ಬೀಳತ್ತೆ, ಅದು ನನಗೆ ಎಷ್ಟು ದಿನದಲ್ಲಿ ಗೊತ್ತಾಗತ್ತೆ?" ಎರಡೂ ಕಡೆ ಕೇಳಿದ್ದಾಳಂತೆ. ಫಂಡ್‌ನವರು ಸ್ವಲ್ಪ ಹೊತ್ತು ಯೋಚಿಸಿ, ನೇರವಾಗಿಯೇ ಉತ್ತರ ಕೊಟ್ಟರಂತೆ. ಅವಳು ಈಗ ಮುಂಬೈನಲ್ಲಿದ್ದಾಳೆ.

ನಿಮ್ಮ ಕೈಯಲ್ಲೂ ಆಫರ್ ಇದ್ರೆ, ಸಹಿ ಹಾಕೋ ಮೊದಲು ಇದನ್ನ ಕೇಳಿ ನೋಡಿ.