ಕಾಯಕದ ಹೊತ್ತು ಸರತಿಯಲ್ಲಿ ಕಳೆಯದಿರಲಿ



ಉಡುಪಿ, ಮಣಿಪಾಲದಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳನ್ನು ನೋಡಿದ್ದೀರಿ. ಅಲ್ಲಿ ದುಡಿಯುವವರಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯ ನಮ್ಮವರೂ ಇದ್ದಾರೆ. ‘ಇವರೆಲ್ಲ ಮೈಗಳ್ಳರು’ ಎಂಬ ಮಾತನ್ನು ಸೇವೆಯಲ್ಲಿದ್ದಾಗ ಎಷ್ಟೋ ಸಲ ಕೇಳಿದ್ದೇನೆ. ಲೆಕ್ಕ ಹಾಕಿ ನೋಡೋಣ.

20 ಮಹಡಿಯ ಕಟ್ಟಡ, 60 ಕಾರ್ಮಿಕರು, ಜನರನ್ನು ಒಯ್ಯಲು ಒಂದೇ ಲಿಫ್ಟ್ ಎನ್ನಿ. ಒಮ್ಮೆಗೆ 12 ಜನ. ಹೋಗಿಬರಲು 6 ನಿಮಿಷ. ಕೊನೆಯ ತಂಡ 24 ನಿಮಿಷ ಕಾಯಬೇಕು. ಸರಾಸರಿ ತಲೆಗೆ 12 ನಿಮಿಷ. ಬೆಳಿಗ್ಗೆ ಹತ್ತಲು, ಊಟಕ್ಕೆ ಇಳಿಯಲು, ಮತ್ತೆ ಹತ್ತಲು, ಸಂಜೆ ಇಳಿಯಲು – ದಿನಕ್ಕೆ ನಾಲ್ಕು ಸಲ. ಎಲ್ಲರದೂ ಸೇರಿ 48 ಗಂಟೆ! ಆರು ಜನರ ಇಡೀ ದಿನದ ದುಡಿಮೆ ಸರತಿಯಲ್ಲೇ ಹೋಯಿತು. ಇದು ಮೈಗಳ್ಳತನವಲ್ಲ, ಯೋಜನೆಯ ಕೊರತೆ.

ತಂಡಗಳಿಗೆ ಬೇರೆಬೇರೆ ಹೊತ್ತು ಗೊತ್ತುಮಾಡಿ. ಕುಡಿಯುವ ನೀರು, ಶೌಚಾಲಯ, ಊಟದ ಜಾಗ ಮೇಲೆಯೇ ಇರಲಿ. ಇಟ್ಟಿಗೆ, ಟೈಲ್ಸ್ ಹಿಂದಿನ ಸಂಜೆಯೇ ಮಹಡಿ ಸೇರಲಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗಾಳಿ ಜೋರಾದರೆ ಟವರ್ ಕ್ರೇನ್ ನಿಲ್ಲಿಸಲೇಬೇಕು. ಆ ದಿನಗಳಿಗೆ ಒಳಗಿನ ಗಾರೆ, ವೈರಿಂಗ್ ಕೆಲಸ ಉಳಿಸಿಕೊಂಡರೆ ಬಡವರ ಕೂಲಿ ತಪ್ಪುವುದಿಲ್ಲ.

ಇನ್ನೊಂದು ಮಾತು. ವರ್ಷದಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅರ್ಜಿ ತುಂಬಿಕೊಡಲು ಮಠದಲ್ಲಿ ಒಂದು ಭಾನುವಾರ ಕೂಡೋಣ, ಅದೂ ದಾಸೋಹವೇ. ಕಾಯಕವನ್ನು ಹೊಗಳುವ ನಾವು ಕಾಯಕಜೀವಿಯ ಹೊತ್ತಿಗೂ ಬೆಲೆ ಕೊಡಬೇಕು.