ಹಲಸು ಮಾಗುವ ಮೊದಲು

ಮಲೆನಾಡಿನ ಅಡಿಕೆ ಒಂದು ಕಾಲಕ್ಕೆ ಗುಬ್ಬಿಯ ಪೇಟೆಯಲ್ಲಿ ಕೈಬದಲಾಗಿ, ಈಗಿನ ತಮಿಳುನಾಡಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ಅಷ್ಟು ದೂರದ ವ್ಯಾಪಾರ ನಿಂತಿದ್ದು ವರ್ತಕರ ಪರಿಚಯದ ಮೇಲೆ, ಕೊಟ್ಟ ಮಾತಿನ ಮೇಲೆ. ಅಂಥ ಪರಿಚಯ ಬೆಳೆಯಲು ವರ್ತಕರು ಸೇರುವ ಒಂದು ಕೂಟ ಬೇಕು. 1916ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ) ಅದೇ. ಆದರೆ ಅಂಥ ಕೂಟ ಹೆಚ್ಚು ಬೇಕಾಗಿರುವುದು ಹಳ್ಳಿಗಳಿಗೆ.

ಗುಬ್ಬಿ ತಾಲೂಕಿನ ನಮ್ಮ ಚೇಳೂರಿನ ಹಲಸನ್ನೇ ನೋಡಿ. ಸುಗ್ಗಿಯಲ್ಲಿ ರಾಶಿ ರಾಶಿ ಹಣ್ಣು; ಸಾಗಿಸುವುದು ತಡವಾದರೆ ಕೊಳೆತೇ ಹೋಗುತ್ತದೆ. ಬೆಳೆಗಾರರು, ಲಾರಿಯವರು, ಚಿಪ್ಸ್ ಕರಿಯುವ ಸ್ತ್ರೀಶಕ್ತಿ ಸಂಘದವರು, ಬ್ಯಾಂಕಿನವರು ತಿಂಗಳಿಗೊಮ್ಮೆ ಒಂದೇ ಜಮಖಾನದ ಮೇಲೆ ಕೂತರೆ ಯಾರ ಬಳಿ ಏನಿದೆ, ಯಾರಿಗೆ ಏನು ಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಪೈಪೋಟಿಯ ಅಂಗಡಿಯವರೂ ಬರಲಿ, ಖಂಡಿತ ಬರಲಿ. ಮೊದಲ ಸಭೆಗೆ ಎಪಿಎಂಸಿ ಅಂಗಳವೇ ಸಾಕು. ಮರದಲ್ಲಿ ಕಾಯಿ ಎಳೆಯದಾಗಿರುವಾಗಲೇ ಸೇರಬೇಕು.