ಅತ್ತೆಯವರ ಮಾರುತಿಗೆ ಯಾವ ಇಸಿಯು?

ಸಾಫ್ಟ್‌ವೇರ್‌ನವಳು ಅಂದರೆ ನೌಕರಿ-ಮನೆ-ಮಕ್ಕಳ ವಿಷಯವೇ ಮಾತಾಡುತ್ತಾಳೆ ಅಂದುಕೊಂಡು ಬಂದಿದ್ದರೆ ಕ್ಷಮೆಯಿರಲಿ. ಇವತ್ತು ಕಾರಿನ ಎಂಜಿನ್ ನಡೆಸುವ ಒಂದು ಸಣ್ಣ ಡಬ್ಬಿಯ ಬಗ್ಗೆ ಮಾತಾಡುತ್ತೇನೆ.

ನಮ್ಮ ಮನೆಯಲ್ಲಿ 1992ರ ಮಾರುತಿ 800 ಇದೆ. ಅತ್ತೆಯವರು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಈಗ ಅವರಿಗೆ 66. ಇವತ್ತಿಗೂ ಪುಣೆಯಿಂದ ಬೆಳಗಾವಿಗೆ, ತಂಗಿಯ ಮನೆಗೆ, ತಾವೇ ಓಡಿಸಿಕೊಂಡು ಹೋಗುತ್ತಾರೆ. ಬಾಡಿ ಗಟ್ಟಿಯಿದೆ, ಎಂಜಿನ್ ಸೋತಿದೆ. 2000ದಿಂದ ಆಲ್ಟೊದಲ್ಲಿ ಬಂದ 796 ಸಿಸಿ, 12 ವಾಲ್ವ್‌ನ ಎಂಪಿಎಫ್‌ಐ ಎಂಜಿನ್ ಕೂರಿಸುವುದೆಂದು ಒಂದೇ ದಿನದಲ್ಲಿ ನಿರ್ಧಾರವಾಯಿತು. ಅದಕ್ಕೆ ಯಾವ ಇಸಿಯು ಎಂಬುದಕ್ಕೆ ಎರಡು ತಿಂಗಳು ಬೇಕಾಯಿತು.

ಕಾರ್ಬ್ಯುರೇಟರ್‌ನಲ್ಲಿ ಒಳಗೆ ಹೋಗುವ ಗಾಳಿಯೇ ಸಣ್ಣ ತೂತಿನ ಮೂಲಕ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಇಂಜೆಕ್ಷನ್‌ನಲ್ಲಿ ಆ ಲೆಕ್ಕ ಇಸಿಯುನದು. ಕ್ರ್ಯಾಂಕ್ ಎಷ್ಟು ವೇಗವಾಗಿ ತಿರುಗುತ್ತಿದೆ, ಗಾಳಿಯ ಒತ್ತಡ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಸೆನ್ಸರ್‌ಗಳಿಂದ ತಿಳಿದು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಅದು ಹೇಳುತ್ತದೆ. ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಎಂಬುದು ಮೂಲ ಅಳತೆ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ಘಾಟ್ ಹತ್ತುವಾಗ ಹೆಚ್ಚು ಬೇಕು.

ನನಗೆ ಆಸೆಯಿದ್ದದ್ದು ಸ್ಪೀಡುಯಿನೊ ಮೇಲೆ. ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ನಡೆಯುವ ಓಪನ್ ಸೋರ್ಸ್ ಇಸಿಯು ಅದು. ಲ್ಯಾಪ್‌ಟಾಪ್ ಜೋಡಿಸಿ ಎಲ್ಲವನ್ನೂ ನಾವೇ ತಿದ್ದಬಹುದು. ಎಂಟೆಕ್ ಓದಿದವಳಿಗೆ ಇನ್ನೇನು ಬೇಕು! ಹ್ಯಾಲ್‌ಟೆಕ್, ಲಿಂಕ್ ತರಹದ ವಿದೇಶಿ ಡಬ್ಬಿಗಳೂ ಇವೆ, ಆದರೆ ಅವುಗಳ ಬೆಲೆ ಈ ಕಾರಿಗೆ ಹೊಂದುವುದಿಲ್ಲ.

ಅತ್ತೆಯವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಖಂಬಾಟಕಿ ಘಾಟಿನ್ಯಾಗ ಗಾಡಿ ನಿಂತ್ರ ಇದನ್ನ ಯಾರು ರಿಪೇರಿ ಮಾಡ್ತಾರವಾ? ನೀ ಮೀಟಿಂಗಿನ್ಯಾಗ ಇರ್ತಿ."

ಇಂಧನದ ಪಟ್ಟಿ 16ಕ್ಕೆ 16 ಅಂದರೆ 256 ಮನೆಗಳು. ಪ್ರತಿಯೊಂದನ್ನೂ ಓಡಿಸಿ ನೋಡಿ ಸರಿ ಮಾಡಬೇಕು. ಡಿಸೆಂಬರ್‌ನ ಬೆಳಗಿಗೆ ಬೇರೆ, ಮೇ ತಿಂಗಳ ಸೊಲ್ಲಾಪುರದ ಬಿಸಿಲಿಗೆ ಬೇರೆ. ಕಂಪನಿಯವರು ತಮ್ಮ ಎಂಜಿನ್‌ಗೆ ಆ ಕೆಲಸ ಆಗಲೇ ಮಾಡಿ ಮುಗಿಸಿದ್ದಾರೆ. ಇನ್ನೊಂದು, ಒಬ್ಬಳಿಗೇ ಅರ್ಥವಾಗುವ ಕೋಡ್‌ಗೆ ಆಫೀಸಿನಲ್ಲಿ ನಾನು ಒಪ್ಪಿಗೆ ಕೊಡುವುದಿಲ್ಲ. ಅತ್ತೆಯವರ ಕಾರಿಗೆ ಹೇಗೆ ಕೊಡಲಿ? ಆಲ್ಟೊದ ಇಸಿಯು ಆದರೆ ಸಾತಾರಾದಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಸ್ಕ್ಯಾನರ್ ಇರುವ ಮೆಕ್ಯಾನಿಕ್ ನೋಡಬಲ್ಲ.

ಹಾಗಂತ ಸ್ಪೀಡುಯಿನೊ ಆಟಿಕೆಯಲ್ಲ. ಕ್ಯಾಮ್ ಬದಲಿಸಿದ್ದರೆ, ಟರ್ಬೊ ಹಾಕಿದ್ದರೆ, ಎಂಜಿನ್‌ನ ಮೂಲ ವೈರಿಂಗ್ ಸಿಗದಿದ್ದರೆ ಅಂಥದ್ದೇ ಬೇಕು.

ಕಂಪನಿಯ ಇಸಿಯು ತೆಗೆದುಕೊಳ್ಳುವವರು ಬಿಡಿ ಡಬ್ಬಿ ಕೊಳ್ಳಬೇಡಿ. ಗುಜರಿಯಲ್ಲಿ ಬಿಚ್ಚುವ ಮೊದಲು ಎಂಜಿನ್ ಚಾಲೂ ಮಾಡಿಸಿ ನೋಡಿ. ಇಸಿಯು, ಕನೆಕ್ಟರ್ ಕತ್ತರಿಸದ ಪೂರ್ತಿ ವೈರಿಂಗ್, ಥ್ರಾಟಲ್ ಬಾಡಿ, ಸೆನ್ಸರ್‌ಗಳು ಎಲ್ಲ ಒಂದೇ ಕಾರಿನದಾಗಿರಲಿ. ಇಮೊಬಿಲೈಸರ್ ಇದ್ದರೆ ಅದರ ಕೀಲಿಯೂ ಬೇಕು, ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಪೆಟ್ರೋಲ್ ಪೈಪಿನಲ್ಲಿ ಮಾತ್ರ ಉಳಿತಾಯ ಬೇಡ. ಇಂಜೆಕ್ಷನ್‌ಗೆ ಸುಮಾರು 3 ಬಾರ್ ಒತ್ತಡ ಬೇಕು, ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪ್ ಅದನ್ನು ತಾಳುವುದಿಲ್ಲ. ಪಂಪಿಗೆ ನೇರವಾಗಿ ಇಗ್ನಿಷನ್‌ನಿಂದ ವೈರ್ ಎಳೆದು "ಆಯ್ತು ಮೇಡಂ" ಅನ್ನುವವರಿದ್ದಾರೆ. ಒಪ್ಪಬೇಡಿ. ಪಂಪಿನ ರಿಲೇ ಇಸಿಯು ಹಿಡಿತದಲ್ಲಿದ್ದರೆ ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುತ್ತದೆ. ನೇರ ವೈರಾದರೆ ಅಪಘಾತದಲ್ಲಿ ಪೈಪ್ ಒಡೆದರೂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿರುತ್ತದೆ. ಕಾರಿನ ಬದಲಾವಣೆಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಆದ್ದರಿಂದ ಮೊದಲು ಆರ್‌ಟಿಒಗೆ ಅರ್ಜಿ, ಆಮೇಲೆ ಸ್ಪ್ಯಾನರ್. ನಮ್ಮ ಅರ್ಜಿ ಹೋಗಿದೆ. ಎಂಜಿನ್ ಮತ್ತು ವೈರಿಂಗ್ ಪಾರ್ಕಿಂಗ್‌ನಲ್ಲಿ ಗೋಣಿಚೀಲದ ಕೆಳಗಿವೆ, ಇಸಿಯು ಮಾತ್ರ ಅತ್ತೆಯವರ ಗೋದ್ರೆಜ್ ಕಪಾಟಿನಲ್ಲಿದೆ. ಪ್ರಶ್ನೆಗಳಿದ್ದರೆ ಕೇಳಿ. ಗಾಡಿಯ ಬಗ್ಗೆಯಾದರೆ ಅವರನ್ನೇ ಕೇಳಿ, ಎರಡನೇ ಸಾಲಿನಲ್ಲಿ ಕೂತಿದ್ದಾರೆ.